ಮೂಕಿ ರೀಲಿಗೆ ಯಾವ ರಾಗ?



ತೊಗರಿಯ ಧಾರಣೆ, ತಾಂಡೂರಿನ ಫರಸಿ ಕಲ್ಲು, ಉದ್ರಿ ವಸೂಲಿ, ಇವುಗಳ ಬಗ್ಗೆ ಬರೆಯಿರೆಂದರೆ ನಾವು ನಾಲ್ಕು ಪುಟ ತುಂಬಿಸಿಯೇವು. ಸಿನಿಮಾದ ಬಗ್ಗೆ, ಅದರಲ್ಲೂ ಮಾತಿಲ್ಲದ ಮೂಕಿ ಸಿನಿಮಾದ ಬಗ್ಗೆ ಬರೆಯಲು ಮೆಟ್ರಿಕ್ಕಿನಾಚೆ ಓದದ ಇವರಿಗೇನು ಅಧಿಕಾರ ಎಂದು ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ನಮ್ಮ ಮನೆಯಲ್ಲಿ ಹತ್ತು ನಿಮಿಷದ ಒಂದು ಮೂಕಿ ಚಿತ್ರವಿದೆ. ಅದನ್ನು ಸರಿಪಡಿಸಿ ಅದಕ್ಕೊಂದು ಸಂಗೀತ ಹೊಂದಿಸುವ ಸಲುವಾಗಿ ಮನೆಯಲ್ಲಿ ಎರಡು ತಿಂಗಳು ಜಗಳ ನಡೆಯಿತು. ಆ ಜಗಳದಲ್ಲಿ ನಾವು ಕಲಿತದ್ದನ್ನು, ಜೊತೆಗೆ ನಮ್ಮದೊಂದು ಹಳೆಯ ತಪ್ಪನ್ನು, ಇಲ್ಲಿ ಬರೆಯುತ್ತಿದ್ದೇವೆ.

2022ರ ಬೇಸಿಗೆಯಲ್ಲಿ ಬಶೀರಾಬಾದಿನ ನಮ್ಮ ಹಳೆಯ ಮನೆಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದಾಗ, ತಾಮ್ರದ ಹಂಡೆಯೊಳಗೆ, ಹಳೆಯ ಖಾತೆ ಕಿರ್ದಿಗಳ ಕೆಳಗೆ, ಮೂರು ಚಿಕ್ಕ ಡಬ್ಬಿಗಳು ಸಿಕ್ಕವು. ಮುಚ್ಚಳ ತೆಗೆದರೆ ಗಪ್ಪನೆ ಹುಳಿ ವಾಸನೆ. "ಇದ್ಯಾವ ಕಾಲದ ಉಪ್ಪಿನಕಾಯಿ ಅದ ರೀ?" ಎಂದು ನಮ್ಮ ಮನೆಯವರು ಮೂಗು ಮುಚ್ಚಿಕೊಂಡರು. ನಮಗೆ ಮಾತ್ರ ಕೂಡಲೇ ಗುರುತು ಸಿಕ್ಕಿತು. 1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆದಾಗ ನಮ್ಮ ಇಡೀ ಕುಟುಂಬ ಹೋಗಿತ್ತು. ಆಗ ನಮಗೆ ಇಪ್ಪತ್ತೊಂದು ವಯಸ್ಸು. ಸೊಲ್ಲಾಪುರದ ನಮ್ಮ ಸೋದರಮಾವ ಯಾರಿಂದಲೋ ತರಿಸಿಕೊಂಡಿದ್ದ ಸೂಪರ್-8 ಎಂಬ ಪುಟ್ಟ ಚಲನಚಿತ್ರ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದರು. ಅದರಲ್ಲಿ ಧ್ವನಿ ಹಿಡಿಯುವ ಅನುಕೂಲವಿರಲಿಲ್ಲ. ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂ ಸುರಿಸಿದ್ದು ಆ ಸಲವೇ. ಆ ಹೊತ್ತಿಗೆ ಸರಿಯಾಗಿ ನಮ್ಮ ಮಾವ ರೀಲು ಬದಲಾಯಿಸುತ್ತ ಕುಳಿತಿದ್ದರಾದ್ದರಿಂದ ಅದು ನಮ್ಮ ಚಿತ್ರದಲ್ಲಿಲ್ಲ. ಇದ್ದದ್ದು ನಮ್ಮ ಅವ್ವ.

ಅವ್ವ 1994ರಲ್ಲಿ ತೀರಿಕೊಂಡಳು. ಅವಳ ಫೋಟೋ ಎರಡೋ ಮೂರೋ ಇವೆ. ಅವಳು ನಡೆದಾಡಿದ್ದು ಉಳಿದಿರುವುದು ಈ ಡಬ್ಬಿಗಳಲ್ಲಿ ಮಾತ್ರ.

ಆ ವರ್ಷ ಪಟ್ಟಣದ ಒಂದು ಅಂಗಡಿಗೆ ಕೊಟ್ಟು ರೀಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆವು. ದೀಪಾವಳಿಗೆ ಮಕ್ಕಳು ಮೊಮ್ಮಕ್ಕಳು ಸೇರಿದಾಗ ಟಿವಿಗೆ ಜೋಡಿಸಿ ನೋಡಿದೆವು. ಅಂಗಡಿಯವನು ತನ್ನ ಕೈಯಿಂದ ಒಂದು ಸಿನಿಮಾ ಹಾಡಿನ ಕೊಳಲು ಸೇರಿಸಿದ್ದ. ಅದು ಹಾಗಿರಲಿ. ವಿಂಧ್ಯಗಿರಿಯ ಮೆಟ್ಟಿಲುಗಳ ಮೇಲೆ ನಮ್ಮವರೆಲ್ಲ ಇರುವೆ ಸಾಲಿನಂತೆ ಪಟಪಟನೆ ಓಡುತ್ತಿದ್ದರು. ಅವ್ವನೂ ಓಡುತ್ತಿದ್ದಳು. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ನಮಗೆ ನಗು ಬರಲಿಲ್ಲ. ಅವ್ವನಿಗೆ ಆಗಲೇ ಮೊಣಕಾಲು ನೋವು. 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ, ಹತ್ತು ಹತ್ತಕ್ಕೊಮ್ಮೆ ನಿಂತು ಉಸಿರು ತೆಗೆದುಕೊಂಡು, ನಮ್ಮ ಹೆಗಲ ಮೇಲೆ ಕೈಯಿಟ್ಟು ಹತ್ತಿದ್ದಳು. ಪರದೆಯ ಮೇಲೆ ಓಡುತ್ತಿದ್ದವಳು ನಮ್ಮ ಅವ್ವನಾಗಿರಲಿಲ್ಲ.

ಹೈದರಾಬಾದಿನಲ್ಲಿರುವ ನಮ್ಮ ಹಿರಿಯ ಮಗನ ಗೆಳೆಯನೊಬ್ಬ ಚಿತ್ರ ಸಂಕಲನದ ಕೆಲಸ ಮಾಡುತ್ತಾನೆ. ಅವನಿಗೆ ತೋರಿಸಿದಾಗ ಹುಳುಕು ಹೊರಬಿತ್ತು. ನಮ್ಮಂಥವರಿಗೆ ಅರ್ಥವಾಗುವಂತೆ ಲೆಕ್ಕದಲ್ಲೇ ಹೇಳಿದ. ಸೂಪರ್-8ರ ಒಂದು ರೀಲು 50 ಅಡಿ. ಅಡಿಗೆ 72 ಚಿತ್ರಗಳಂತೆ 3,600 ಚಿತ್ರಗಳು. ಕ್ಯಾಮೆರಾ ಸೆಕೆಂಡಿಗೆ 18 ಚಿತ್ರ ಹಿಡಿದಿದೆ. ಅಂದರೆ ರೀಲಿಗೆ 3 ನಿಮಿಷ 20 ಸೆಕೆಂಡು, ಮೂರು ರೀಲಿಗೆ ಸರಿಯಾಗಿ 10 ನಿಮಿಷ. ಅಂಗಡಿಯವನು ಟಿವಿಯ ಲೆಕ್ಕದಂತೆ ಸೆಕೆಂಡಿಗೆ 25 ಓಡಿಸಿದ್ದಾನೆ. 10 ನಿಮಿಷದ ಮಾಲು 7 ನಿಮಿಷ 12 ಸೆಕೆಂಡಿಗೆ ಬಂದಿದೆ. ಶುದ್ಧ ತೂಕದ ಮೋಸ! ನಲವತ್ತು ವರ್ಷ ತಕ್ಕಡಿ ಹಿಡಿದ ನಮಗೇ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಚಾರ್ಲಿ ಚಾಪ್ಲಿನ್ನನ ಕಾಲದ ಚಿತ್ರಗಳಲ್ಲಿ ಜನ ಕುಪ್ಪಳಿಸುತ್ತ ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಹಳೆಯ ಕಾಲದವರು ಹಾಗೆಯೇ ನಡೆಯುತ್ತಿದ್ದರೇನೋ ಎಂದು ಚಿಕ್ಕವರಿದ್ದಾಗ ತಿಳಿದಿದ್ದೆವು. ಆಗಿನ ಕ್ಯಾಮೆರಾಗಳನ್ನು ಕೈಯಿಂದ ತಿರುವುತ್ತಿದ್ದರು. ಒಬ್ಬನ ಕೈ ಸೆಕೆಂಡಿಗೆ 16 ಚಿತ್ರ ತಿರುವಿದರೆ ಇನ್ನೊಬ್ಬನದು 20. ಮಾತಿನ ಚಿತ್ರಗಳು ಬಂದ ಮೇಲೆ ಧ್ವನಿಗಾಗಿ 24 ಎಂದು ಗೊತ್ತುಮಾಡಿದರು. ಹಳೆಯದನ್ನು ಹೊಸ ಯಂತ್ರಕ್ಕೆ ಹಾಕಿದ್ದೇ ಓಟ ಶುರು. ನಗಿಸುವುದಕ್ಕಾಗಿ ಬೇಕೆಂದೇ ನಿಧಾನ ತಿರುವಿದ್ದೂ ಉಂಟಂತೆ, ಅದು ಬೇರೆ ಮಾತು. ಮೂಕಿ ಚಿತ್ರದ ಜೀರ್ಣೋದ್ಧಾರ ಎಂದರೆ ಗೀರು ಒರೆಸುವುದು, ಬೂಷ್ಟು ತೆಗೆಯುವುದು, ಹರಿದದ್ದನ್ನು ಅಂಟಿಸುವುದು ಎಂದಷ್ಟೇ ನಾವು ತಿಳಿದಿದ್ದೆವು. ಮೊದಲ ಕೆಲಸ ನಡಿಗೆಯನ್ನು ಮರಳಿ ತರುವುದು.

ಆ ಹುಡುಗ ಒಂದು ದಿನ ಪೂರ್ತಿ ರೀಲನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ಹಿಡಿಯುವ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ ತಂದ. ಹುಳಿ ವಾಸನೆಯ ಕಾರಣವನ್ನೂ ಹೇಳಿದ. ಫಿಲ್ಮಿನ ಪಟ್ಟಿ ಅಸಿಟೇಟ್ ಎಂಬ ವಸ್ತುವಿನದು. ಸೆಖೆಗೆ, ತೇವಕ್ಕೆ ಕೆಟ್ಟು ವಿನೆಗರ್ ವಾಸನೆ ಬಿಡುತ್ತ ಕುಗ್ಗುತ್ತದೆ. ಅದಕ್ಕಿಂತ ಹಳೆಯದು, ಮೂಕಿ ಕಾಲದ್ದು, ನೈಟ್ರೇಟ್; ಅದು ಬೆಂಕಿಗೆ ಕಾದು ಕೂತ ವಸ್ತು. ಮಾತಿನ ನಡುವೆ, ಚಿತ್ರ ಮೂಡುವ ಪದರ ಜಿಲೆಟಿನ್ನಿನದು, ಅದನ್ನು ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆಯುತ್ತಾರೆ ಎಂದೂ ಹೇಳಿಬಿಟ್ಟ. ಅವತ್ತು ಮಧ್ಯಾಹ್ನದ ಊಟ ನಮಗೆ ಸೇರಲಿಲ್ಲ. ಮದುವೆಯ ಆಲ್ಬಮ್ಮು, ದೇವರ ಫೋಟೋ, ಎಲ್ಲಕ್ಕೂ ಅದೇ ಪದರವಿತ್ತಲ್ಲ ಎಂದು ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಈಗಿನ ಡಿಜಿಟಲ್ ಪ್ರತಿಗೆ ಆ ಗೊಡವೆಯಿಲ್ಲ.

ಪ್ರತಿ ಮಾಡಿ ಉಳಿಸುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಕಥೆ ಮನೆಮನೆಗೂ ಗೊತ್ತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ತಾಡವೋಲೆಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡತೊಡಗಿದ್ದರಿಂದಲೇ, 1939ರಿಂದ ಹೀರಾಲಾಲ್ ಜೈನರು ಅಮರಾವತಿಯಲ್ಲಿ ಅದನ್ನು ಸಂಪಾದಿಸಿ ಅಚ್ಚು ಹಾಕಿಸಲು ಸಾಧ್ಯವಾಯಿತು. ಒಳ್ಳೆಯ ಸಂಪಾದಕರು ಓಲೆ ಮುರಿದ ಕಡೆ ಚುಕ್ಕೆ ಹಾಕಿ ಬಿಡುತ್ತಾರೆ. ತಮ್ಮ ಜೇಬಿನಿಂದ ಪದ ತೆಗೆದು ತುಂಬುವುದಿಲ್ಲ. ನಮ್ಮ ಎರಡನೆಯ ರೀಲಿನಲ್ಲಿ ಬೂಷ್ಟು ತಿಂದು ಹತ್ತು ಸೆಕೆಂಡಿನಷ್ಟು ಬರೀ ನೀಲಿ ಹೂಗಳಂಥ ಕಲೆಗಳಿವೆ. ಕಂಪ್ಯೂಟರಿನಿಂದ ಅಲ್ಲಿ ಹೊಸ ಚಿತ್ರ ಕೂಡಿಸಬಹುದು ಎಂದ ಹುಡುಗ. ಬೇಡ ಎಂದೆವು.

ಸಿನಿಮಾಕ್ಕೆ ಮಾತ್ರ ನಮ್ಮ ದೇಶದಲ್ಲಿ ಇಂಥ ಪ್ರತಿಕಾರರು ಸಕಾಲಕ್ಕೆ ಸಿಗಲಿಲ್ಲ. ಭಾರತದಲ್ಲಿ 1300ಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ಉಳಿದಿರುವುದು 30ರಷ್ಟೂ ಇಲ್ಲ, ಅವುಗಳಲ್ಲೂ ಎಷ್ಟೋ ಬರೀ ತುಣುಕುಗಳು. 1913ರ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲೇ ಸಿಕ್ಕಿರುವುದು ಮೊದಲ ಮತ್ತು ಕೊನೆಯ ರೀಲು. ಅಷ್ಟಾದರೂ ಉಳಿದದ್ದು ಪಿ. ಕೆ. ನಾಯರ್ ಎಂಬ ಪುಣ್ಯಾತ್ಮರಿಂದ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದಾಗಿನಿಂದ ಊರೂರು ತಿರುಗಿ ಡಬ್ಬಿ ಕೂಡಿಸಿದವರು ಅವರು, 2016ರಲ್ಲಿ ತೀರಿಕೊಂಡರು. ನಮ್ಮ ಸೀಮೆಯ ಕಥೆಯೂ ಇದೆ. ಬಶೀರಾಬಾದು ನಿಜಾಮರ ರಾಜ್ಯದಲ್ಲಿದ್ದಾಗ, 1922ರಲ್ಲಿ, ಧೀರೇಂದ್ರನಾಥ ಗಂಗೂಲಿ ಎಂಬ ಬಂಗಾಳಿಯವರು ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿ ಒಂದರ ಮೇಲೊಂದು ಮೂಕಿ ಚಿತ್ರ ತೆಗೆದರು. 1924ರಲ್ಲಿ 'ರಜಿಯಾ ಬೇಗಂ' ಎಂಬ ಚಿತ್ರ ತೋರಿಸಿದ್ದಕ್ಕೆ ನಿಜಾಮರ ಸಿಟ್ಟಾಗಿ ರಾಜ್ಯ ಬಿಡಬೇಕಾಯಿತು. ಮುಂದೆ ಅವರಿಗೆ ಫಾಲ್ಕೆ ಪ್ರಶಸ್ತಿಯೂ ಬಂತು. ಅವರು ಹೈದರಾಬಾದಿನಲ್ಲಿ ತೆಗೆದ ಚಿತ್ರಗಳು ಮಾತ್ರ ಇಂದು ನೋಡಲು ಸಿಗುವುದಿಲ್ಲ.

ಎಲ್ಲಿ ಹೋದವು ಇಷ್ಟೊಂದು ಚಿತ್ರಗಳು? ಕೆಲವು ಸುಟ್ಟವು, ಕೆಲವು ಕೊಳೆತವು. ಬಹಳಷ್ಟು ಬೆಳ್ಳಿಗಾಗಿ ಹೋದವು. ಕಪ್ಪು ಬಿಳುಪು ಫಿಲ್ಮಿನ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಓಟ ಮುಗಿದ ಚಿತ್ರವನ್ನು ತೂಕಕ್ಕೆ ಮಾರಿದರೆ, ಕೊಂಡವನು ಪದರ ಕರಗಿಸಿ ಬೆಳ್ಳಿ ತೆಗೆದುಕೊಂಡು, ಉಳಿದ ಪಟ್ಟಿಯನ್ನು ಬಳೆ ಮಾಡುವವರಿಗೆ ಕೊಡುತ್ತಿದ್ದ.

ಇದನ್ನು ನಾವು ಯಾವ ಪುಸ್ತಕದಿಂದಲೂ ತಿಳಿಯಬೇಕಾಗಿರಲಿಲ್ಲ. 1986ರ ಸುಮಾರಿಗೆ ನಮ್ಮ ಭಾಗದಲ್ಲಿ ತಿರುಗುತ್ತಿದ್ದ ಒಂದು ಟೂರಿಂಗ್ ಟಾಕೀಸು ಮುಚ್ಚಿತು. ಅದರ ಮಾಲೀಕರ ಮೇಲೆ ನಮ್ಮ ಅಂಗಡಿಯ ಕಿರಾಣಿ ಉದ್ರಿ ಬಹಳವಿತ್ತು. ರೊಕ್ಕ ಕೊಡಲಾಗದೆ, ಒಂದು ಬಂಡಿಯಲ್ಲಿ ಮಡಚುವ ಕುರ್ಚಿಗಳು, ಡೇರೆಯ ಬಟ್ಟೆ, ಹಂಚಿಕೆದಾರರು ಕೇಳದೆ ಬಿಟ್ಟ ಹದಿನೆಂಟು ಫಿಲ್ಮ್ ಡಬ್ಬಿಗಳನ್ನು ತಂದು ನಮ್ಮ ಅಂಗಳದಲ್ಲಿಳಿಸಿದರು. "ಶೇಟ್‌ಜಿ, ಇದರಾಗ ತೀರಿಸಿಕೊಳ್ರಿ" ಎಂದು ಕೈಮುಗಿದರು. ಕುರ್ಚಿಗಳನ್ನು ನಾವು ಇಟ್ಟುಕೊಂಡೆವು. ಡಬ್ಬಿಗಳನ್ನು ಹೈದರಾಬಾದಿನಿಂದ ಬಂದ ಒಬ್ಬ ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಕೊಟ್ಟೆವು. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ್ದರು. ನಾವು ತೂಕದ ಚೀಟಿ ಓದಿದೆವೇ ಹೊರತು ಅದನ್ನು ಓದಲಿಲ್ಲ. ಒಳಗಿದ್ದದ್ದು ಮಾತಿನ ಚಿತ್ರಗಳೇ ಇರಬೇಕು, ಊರೂರು ತಿರುಗಿ ಗೀರು ಬಿದ್ದವೇ ಇರಬೇಕು, ಅವುಗಳ ಪ್ರತಿ ಬೇರೆಲ್ಲಾದರೂ ಇದ್ದೀತು ಎಂದು ನಮಗೆ ನಾವೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇವೆ. ಆ ಕುರ್ಚಿಗಳಲ್ಲಿ ಎರಡು ಇನ್ನೂ ನಮ್ಮ ಪಡಸಾಲೆಯಲ್ಲಿವೆ.

ಇನ್ನು ಸಂಗೀತದ ಮಾತು.

2017ರ ನವೆಂಬರಿನಲ್ಲಿ ಮಗ ನಮ್ಮನ್ನು ಹೈದರಾಬಾದಿನಲ್ಲಿ ಒಂದು ಪ್ರದರ್ಶನಕ್ಕೆ ಕರೆದೊಯ್ದಿದ್ದ. 1928ರ 'ಶಿರಾಜ್' ಎಂಬ ಮೂಕಿ ಚಿತ್ರ. ತಾಜಮಹಲಿನ ಶಿಲ್ಪಿಯ ಕಲ್ಪಿತ ಕಥೆ. ಹಿಮಾಂಶು ರಾಯ್ ನಿರ್ಮಿಸಿ ನಟಿಸಿದ್ದು, ಜರ್ಮನಿಯ ಫ್ರಾಂಜ್ ಆಸ್ಟೆನ್ ನಿರ್ದೇಶಿಸಿದ್ದು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ಅದರ ಜೀರ್ಣೋದ್ಧಾರ ಮಾಡಿ, ಅನುಷ್ಕಾ ಶಂಕರ್ ಅವರಿಂದ ಹೊಸ ಸಂಗೀತ ಹೊಂದಿಸಿದ್ದರು. ಮೇಲೆ ಚಿತ್ರ ಓಡುತ್ತಿದ್ದರೆ ಕೆಳಗೆ ಅವರೂ ಸಂಗಡಿಗರೂ ಕುಳಿತು ನುಡಿಸುತ್ತಿದ್ದರು. ಆನೆಯ ಕಾಲಡಿ ಶಿರಾಜನನ್ನು ತುಳಿಸಲು ತಂದಾಗ ನಮ್ಮ ಪಕ್ಕದಲ್ಲಿದ್ದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದೆರಡು ಕಡೆ ಮಾತ್ರ ನಮಗೆ ಸಂಗೀತ ಜಾಸ್ತಿಯಾಯಿತೆನಿಸಿತು. ಮುಖವೇ ಎಲ್ಲ ಹೇಳುತ್ತಿರುವಾಗ ವಾದ್ಯವೂ ಅದನ್ನೇ ಹೇಳಬೇಕೆ? ಆ ಚಿತ್ರದ ನಾಯಕಿ ಏಣಾಕ್ಷಿ ರಾಮರಾವ್. ಅವರೇ 1931ರ 'ವಸಂತಸೇನಾ'ದಲ್ಲಿ ನಮ್ಮ ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ನಟಿಸಿದ್ದರು. ಕನ್ನಡಿಗರು ಅಭಿಮಾನದಿಂದ ನೆನೆಯುವ ಆ ಮೂಕಿ ಚಿತ್ರ ಇಂದು ಇಲ್ಲ. ಲಂಡನ್ನಿನ ತಣ್ಣನೆಯ ಕೋಣೆಯಲ್ಲಿ ಉಳಿದದ್ದು ಉಳಿಯಿತು, ನಮ್ಮ ಕೈಯಲ್ಲಿದ್ದದ್ದು ಹೋಯಿತು.

ನಮ್ಮ ದೇಶದ ಮೂಕಿ ಚಿತ್ರಗಳಿಗೆ ಬರೆದಿಟ್ಟ ಸಂಗೀತ ಇರುತ್ತಿದ್ದುದೇ ಅಪರೂಪ. ಪರದೆಯ ಮುಂದೆ ಒಬ್ಬ ಹಾರ್ಮೋನಿಯಂ, ಒಬ್ಬ ತಬಲಾ ಹಿಡಿದು ಕೂತು ಕಂಡದ್ದಕ್ಕೆ ತಕ್ಕಂತೆ ನುಡಿಸುತ್ತಿದ್ದರು. ಇನ್ನೊಬ್ಬ ನಿಂತು ಕಥೆ ಹೇಳುತ್ತಿದ್ದ. ಊರಿಗೊಂದು, ಆಟಕ್ಕೊಂದು ಸಂಗೀತ. ಯುರೋಪಿನಲ್ಲಿ ದೊಡ್ಡ ಚಿತ್ರಗಳಿಗೆ ಬರೆದೇ ಇಡುತ್ತಿದ್ದರು. ಜರ್ಮನಿಯ ಫ್ರಿಟ್ಸ್ ಲಾಂಗರ 'ಮೆಟ್ರೊಪೊಲಿಸ್' (1927) ಬಿಡುಗಡೆಯಾದ ಕೂಡಲೇ ಕತ್ತರಿಗೆ ಸಿಕ್ಕು ತುಂಡಾಗಿತ್ತು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಗೀರು ತುಂಬಿದ ಒಂದು ಉದ್ದನೆಯ ಪ್ರತಿ ಸಿಕ್ಕಿ, ಸುಮಾರು 25 ನಿಮಿಷದ ಭಾಗ ಮರಳಿ ಬಂತು. ಯಾವ ತುಂಡು ಯಾವುದರ ಮುಂದೆ ಎಂದು ಗೊತ್ತುಮಾಡಲು ನೆರವಾದದ್ದು ಗೊಟ್‌ಫ್ರೀಡ್ ಹುಪ್ಪರ್ಟ್ಸ್ ಎಂಬವರು ಬರೆದ ಸಂಗೀತದ ಹಸ್ತಪ್ರತಿ. ಇಲ್ಲಿ ಬಾಗಿಲು ತೆರೆಯುತ್ತದೆ, ಇಲ್ಲಿ ಅವನು ಓಡುತ್ತಾನೆ ಎಂದು ಸ್ವರಗಳ ಮೇಲೆ ಗುರುತು ಹಾಕಿದ್ದರಂತೆ. ನಮ್ಮ ಕಿರ್ದಿ ಹರಿದರೆ ಖಾತೆಯಿಂದ ಸರಿಪಡಿಸಿಕೊಳ್ಳುತ್ತೇವಲ್ಲ, ಹಾಗೆ.

ನಮ್ಮ ಹತ್ತು ನಿಮಿಷಕ್ಕೆ ಅಂಥ ಖಾತೆ ಎಲ್ಲಿಯದು? ಸರಿಯಾದ ವೇಗದ ಪ್ರತಿ ಬಂದಾಗಿನಿಂದ ಜಗಳ ಶುರುವಾಯಿತು. ನಮ್ಮ ಮನೆಯವರಿಗೆ ಣಮೋಕಾರ ಮಂತ್ರದ ಕ್ಯಾಸೆಟ್ಟು ಮೊದಲಿನಿಂದ ಕೊನೆಯವರೆಗೆ ಇರಬೇಕು. ಕಿರಿಯ ಮಗನಿಗೆ ಡೋಲು ನಗಾರಿ. "ಅಪ್ಪಾ, ಪುಷ್ಪಕ ವಿಮಾನದಾಗೂ ಮಾತಿಲ್ಲ, ಆದ್ರ ಸಂಗೀತ ಇಲ್ಲೇನು? ಸಪ್ಪಗಿದ್ರ ಯಾರು ನೋಡತಾರ?" ಎಂದು ವಾದ. ಮೊಮ್ಮಗ ಒಬ್ಬನೇ, "ಮುತ್ಯಾ, ಹಂಗೇ ಇರಲಿ, ಏನೂ ಹಾಕೋದು ಬ್ಯಾಡ" ಎಂದ. ನಮಗೆ ಮೂವರದೂ ಸರಿಯೆನಿಸಿ, ಮೂವರ ಮೇಲೂ ಸಿಟ್ಟು ಬರುತ್ತಿತ್ತು. ಅಲ್ಲಿ ಆ ದಿನ ಜಯಘೋಷವಿತ್ತು, ವಾದ್ಯವಿತ್ತು, ಲಕ್ಷ ಜನರ ಗದ್ದಲವಿತ್ತು. ಆದರೆ ಇನ್ನೆಲ್ಲಿಯದೋ ಜಯಘೋಷ ತಂದು ಅದರ ಮೇಲೆ ಹೊದಿಸಿದರೆ, ನಾಳೆ ಮರಿಮಕ್ಕಳು ಅದೇ ನಿಜವೆಂದು ತಿಳಿಯುವುದಿಲ್ಲವೇ?

ಮಹಾವೀರ ಜಯಂತಿಗೆ ಸೇಡಮ್ಮಿನಿಂದ ನಮ್ಮ ಅಕ್ಕ ಬಂದಳು. ಎಪ್ಪತ್ತು ದಾಟಿದವಳು, ಕಣ್ಣು ಇನ್ನೂ ಚುರುಕು. ಟಿವಿಯ ಮುಂದೆ ಆ ಮಡಚು ಕುರ್ಚಿಯಲ್ಲಿ ಕೂಡಿಸಿ ತೋರಿಸಿದೆವು. ಎರಡನೆಯ ರೀಲಿನಲ್ಲಿ ಅವ್ವ ಅರ್ಧ ಬೆಟ್ಟದಲ್ಲಿ ನಿಂತು, ಕ್ಯಾಮೆರಾದತ್ತ ತಿರುಗಿ, ಕೈಯಾಡಿಸುತ್ತ ಏನೋ ಹೇಳುತ್ತಾಳೆ. ಓಡುವ ಪ್ರತಿಯಲ್ಲಿ ಅದು ಬರೀ ತುಟಿ ಪಟಪಟನೆ ಬಡಿದಂತಿತ್ತು. ಈಗ ಒಂದೊಂದು ಮಾತಿಗೂ ತುಟಿ ತೆರೆಯುವುದು ಮುಚ್ಚುವುದು ಕಾಣುತ್ತಿತ್ತು. ಜಪ ಮಾಡುತ್ತಿದ್ದಾಳೆ ಎಂದು ನಮ್ಮ ಮನೆಯವರ ಅಭಿಪ್ರಾಯ. ಅಕ್ಕ ಫಕ್ಕನೆ ನಕ್ಕಳು. "ಏ ತಮ್ಮಾ, ಎಲ್ಲಿ ಜಪ? ನಾ ಅಲ್ಲೇ ಬಾಜೂಕ ನಿಂತಿದ್ದೆ. ಮಾವಗ ಬೈಯಾಕತ್ತಾಳ. ನನ್ನ ಯಾಕ ಹಿಡಿತೀಯೋ, ಸ್ವಾಮೀನ ಹಿಡಿ, ರೀಲು ಮುಗದು ಹೋಗ್ತದ ಅಂದ್ಳು."

ಇನ್ನೆರಡು ಸಲ ಓಡಿಸಿದೆವು. ತುಟಿಗೂ ಮಾತಿಗೂ ತಾಳೆಯಾಯಿತು. ಮೊಮ್ಮಗ ಕಣ್ಣೊರೆಸಿಕೊಳ್ಳುತ್ತಿದ್ದ; ಅವನು ಅವಳನ್ನು ನೋಡಿದವನೇ ಅಲ್ಲ.

ಸಂಗೀತದ ತಕರಾರು ಅಲ್ಲಿಗೆ ಹಗುರಾಯಿತು. ಮೂಲ ಪ್ರತಿಗೆ ಏನೂ ಸೇರಿಸಬಾರದು, ಅದನ್ನು ಮೂರು ಕಡೆ ಇಡಬೇಕು: ನಮ್ಮಲ್ಲೊಂದು, ಹೈದರಾಬಾದಿನಲ್ಲೊಂದು, ಸೇಡಮ್ಮಿನಲ್ಲೊಂದು. ರೀಲುಗಳನ್ನು ಎಸೆಯಬಾರದು, ಅವು ಈಗ ಅಕ್ಕಿಯ ಕೋಣೆಯಿಂದ ದೂರ, ಗಾಳಿಯಾಡುವ ಡಬ್ಬಿಯಲ್ಲಿವೆ. ಮನೆಯಲ್ಲಿ ತೋರಿಸುವಾಗ ಹಳೆಯ ಪದ್ಧತಿಯಂತೆ ಒಬ್ಬರು ಎದುರಿಗೆ ಕುಳಿತು ನುಡಿಸಲಿ ಎಂದಾಯಿತು. ಭಜನೆಗೆ ಹಾರ್ಮೋನಿಯಂ ಹಿಡಿಯುವ ನಮ್ಮ ಓಣಿಯ ಹಿರಿಯರೊಬ್ಬರನ್ನು ಕೇಳಿಕೊಂಡೆವು. ಅವರು ಎರಡು ದಿನ ಬಂದು ಸುಮ್ಮನೆ ಚಿತ್ರ ನೋಡಿಕೊಂಡು ಹೋದರು, ಪೆಟ್ಟಿಗೆ ತೆರೆಯಲೇ ಇಲ್ಲ. ಮೂರನೆಯ ದಿನ, "ಶೇಟ್‌ಜಿ, ಅವ್ವ ಮಾತಾಡೋ ಮುಂದ ನಾ ಕೈ ತೆಗೀತೀನಿ" ಎಂದರು.

ಕಳೆದ ದಸಲಕ್ಷಣ ಪರ್ವದ ಕೊನೆಯಲ್ಲಿ ನೆಂಟರಿಷ್ಟರೆಲ್ಲ ಸೇರಿದಾಗ ಪಡಸಾಲೆಯ ಗೋಡೆಗೆ ಬಿಳಿ ಧೋತರ ಕಟ್ಟಿ ತೋರಿಸಿದೆವು. ಬೆಟ್ಟದ ಬುಡದಲ್ಲಿ ಸಣ್ಣಗೆ ಭೂಪಾಳಿ ಶುರುವಾಯಿತು. ಅವ್ವ ಒಂದೊಂದೇ ಮೆಟ್ಟಿಲು ಹತ್ತಿದಳು, ನಿಂತಳು, ಮತ್ತೆ ಹತ್ತಿದಳು. ನೀಲಿ ಕಲೆಗಳು ಬಂದು ಹೋದವು. ಅವಳು ಕ್ಯಾಮೆರಾದತ್ತ ತಿರುಗಿದಾಗ ಹಾರ್ಮೋನಿಯಂ ನಿಂತಿತು. ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಆಗ ಕತ್ತಲಲ್ಲಿ ಅಕ್ಕ, ಥೇಟ್ ಅವ್ವನ ರಾಗದಲ್ಲಿ, ಆ ಬೈಗುಳವನ್ನು ಪೂರಾ ಹೇಳಿದಳು.